ಬರೆಯುವ ಬಳಗಕ್ಕೆ ಹೊಸದಾಗಿ ಬರುವವರಿಗೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ತಾಲೂಕುಗಳ ಸದ್ಭಕ್ತರ ಮನೆಗಳಲ್ಲಿ ಈಚೆಗೆ ಒಂದು ಹೊಸ ಉತ್ಸಾಹ ಕಾಣುತ್ತಿದೆ. ಹಿಂದೆ ಮಠದ ಶಿವಾನುಭವ ಗೋಷ್ಠಿಗೆ ಬಂದವರು ಆಶೀರ್ವಚನ ಆಲಿಸಿ, ಪ್ರಸಾದ ಸ್ವೀಕರಿಸಿ ಮನೆಗೆ ತೆರಳುತ್ತಿದ್ದರು. ಈಗ ಅವರಲ್ಲಿ ಹಲವರು, ವಿಶೇಷವಾಗಿ ತರುಣರು ಮತ್ತು ಗೃಹಿಣಿಯರು, ಮಡಿಚಿದ ಒಂದೆರಡು ಹಾಳೆಗಳನ್ನು ನನ್ನ ಕೈಗಿತ್ತು, “ಗುರುಗಳೆ, ನಾನೂ ಒಂದೀಟು ಬರದೀನ್ರಿ, ನೋಡಿ ಹೇಳ್ರಿ” ಎಂದು ಸಂಕೋಚದಿಂದ ನಿಲ್ಲುತ್ತಾರೆ. ಕೆಲವರು ಹಾಳೆಯನ್ನೂ ತರುವುದಿಲ್ಲ, ಫೋನಿನಲ್ಲೇ ಬರೆದದ್ದನ್ನು ತೋರಿಸುತ್ತಾರೆ. ಬರೆಯುವ ಸಾಧನ ಯಾವುದಾದರೇನು, ಬರೆಯಬೇಕೆಂಬ ಹಂಬಲ ಒಂದೇ. ಇಂಥವರಿಗೆ ಬಿಡಿಬಿಡಿಯಾಗಿ ಹೇಳುತ್ತ ಬಂದ ನಾಲ್ಕು ಮಾತುಗಳನ್ನು ಒಂದೆಡೆ ಕೂಡಿಸಿ ಹೇಳಿದರೆ ಇನ್ನಷ್ಟು ಜನರಿಗೆ ಉಪಯುಕ್ತವಾದೀತೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ಹೊಸಬರು ಮೊಟ್ಟಮೊದಲು ಕೇಳುವ ಪ್ರಶ್ನೆ ಒಂದೇ: “ನನ್ನಂಥವರು ಬರೀಬಹುದೇನ್ರಿ?” ಈ ಪ್ರಶ್ನೆಗೆ ನಮ್ಮ ಪರಂಪರೆ 12ನೆಯ ಶತಮಾನದಲ್ಲಿಯೇ ಉತ್ತರ ಕೊಟ್ಟಿದೆ. ಕಲ್ಯಾಣದ ಶರಣ ಸಮೂಹದಲ್ಲಿ ದೋಣಿ ನಡೆಸುವ ಚೌಡಯ್ಯನಿದ್ದನು, ಹಗ್ಗ ಹೊಸೆಯುವ ಚಂದಯ್ಯನಿದ್ದನು, ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ಮಾಡುವ ಮಾರಯ್ಯ ಲಕ್ಕಮ್ಮರಿದ್ದರು. ಇವರೆಲ್ಲರೂ ವಚನಕಾರರು. ಮೂವತ್ತಕ್ಕೂ ಮಿಕ್ಕಿ ಸ್ತ್ರೀಯರು ವಚನಗಳನ್ನು ರಚಿಸಿದ್ದಾರೆ. ಅವರಲ್ಲಿ ಲೋಕವು ಹೀನವೆಂದು ಬಗೆದ ವೃತ್ತಿಯಿಂದ ಬಂದ ಸಂಕವ್ವೆಯೂ ಒಬ್ಬಳು. ‘ನಿರ್ಲಜ್ಜೇಶ್ವರ’ ಎಂಬ ಅಂಕಿತದಲ್ಲಿ ಆಕೆಯದಾಗಿ ನಮಗೆ ದೊರೆತಿರುವುದು ಒಂದೇ ಒಂದು ವಚನ. ಆ ಒಂದೇ ವಚನ 800 ವರ್ಷಗಳಿಗೂ ಮಿಕ್ಕಿ ಉಳಿದು ಬಂದಿದೆ. ಬರೆದದ್ದು ಎಷ್ಟು ಎಂಬುದಲ್ಲ, ಬರೆದದ್ದರಲ್ಲಿ ಬಾಳಿನ ಸತ್ಯ ಇದೆಯೇ ಎಂಬುದೇ ಮುಖ್ಯವೆನ್ನಲು ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಆದ್ದರಿಂದ ಬರೆಯಲು ಯಾರ ಅಪ್ಪಣೆಯೂ ಬೇಡ. ಬೇಕಾದದ್ದು ಸಿದ್ಧತೆ.

ಆ ಸಿದ್ಧತೆಯ ಮೊದಲ ಹೆಜ್ಜೆ ಓದು. ನಾನು ಮಠದ ಪಾಠಶಾಲೆಯಲ್ಲಿ ವಿದ್ಯಾರ್ಥಿಯಾಗಿದ್ದಾಗ ನಮ್ಮಲ್ಲಿ ಒಂದು ಕೈಬರಹದ ಮಾಸಪತ್ರಿಕೆ ಇತ್ತು. ಹೊಸದಾಗಿ ಬಂದ ವಿದ್ಯಾರ್ಥಿಯ ಲೇಖನವನ್ನು ಅದರಲ್ಲಿ ಕೂಡಲೇ ಸೇರಿಸುತ್ತಿರಲಿಲ್ಲ. ಆತ ಮೊದಲ ಮೂರು ತಿಂಗಳು ಇತರರ ಲೇಖನಗಳನ್ನು ದುಂಡಾದ ಅಕ್ಷರದಲ್ಲಿ ಪ್ರತಿಮಾಡಬೇಕಾಗಿತ್ತು. ನಮಗೆ ಅದು ಆಗ ದಂಡನೆಯಂತೆ ತೋರುತ್ತಿತ್ತು. ಆದರೆ ಬೇರೆಯವರ ವಾಕ್ಯವನ್ನು ಅಕ್ಷರ ಬಿಡದೆ ಬರೆಯುವಾಗ ಆ ವಾಕ್ಯ ಎಲ್ಲಿ ಸಲೀಸಾಗಿ ಹರಿಯುತ್ತದೆ, ಎಲ್ಲಿ ತೊಡರುತ್ತದೆ ಎಂಬುದು ಕೈಗೆ ತಿಳಿಯುತ್ತಿತ್ತು. ಯಾರು ಯಾವ ವಿಷಯವನ್ನು ಬಲ್ಲರು, ಯಾವ ಮಾತು ಆಗಲೇ ಹೇಳಿಯಾಗಿದೆ ಎಂಬುದೂ ಮನವರಿಕೆಯಾಗುತ್ತಿತ್ತು. ಬಳಗಕ್ಕೆ ಹೊಸದಾಗಿ ಬಂದವರು ಕೆಲವು ಕಾಲ ಓದುಗರಾಗಿಯೇ ಇರುವುದು ಹಿಂಜರಿಕೆಯಲ್ಲ, ಅದು ಮನೆಯೊಳಗೆ ಬರುವ ಮುನ್ನ ಕಾಲು ತೊಳೆಯುವಂಥ ಮರ್ಯಾದೆ.

ಓದು ಮನುಷ್ಯನನ್ನು ಹೇಗೆ ತಿರುಗಿಸುತ್ತದೆ ಎಂಬುದಕ್ಕೆ ನಮ್ಮ ನೆಲದ ಉದಾಹರಣೆಯೇ ಇದೆ. 1913ರಲ್ಲಿ ಹರಪನಹಳ್ಳಿಯಲ್ಲಿ ಜನಿಸಿದ ರಾಯಸಂ ಭೀಮಸೇನರಾವ್ ಅವರು ‘ಬೀಚಿ’ ಎಂಬ ಹೆಸರಿನಿಂದ ಕನ್ನಡ ನಾಡನ್ನೆಲ್ಲ ನಗಿಸಿದರು. ಅವರಿಗೆ ಆರಂಭದಲ್ಲಿ ಕನ್ನಡ ಪುಸ್ತಕಗಳ ಬಗ್ಗೆ ಆದರವಿರಲಿಲ್ಲ. ಅ. ನ. ಕೃಷ್ಣರಾಯರ ‘ಸಂಧ್ಯಾರಾಗ’ ಕಾದಂಬರಿಯನ್ನು ಓದಿದ್ದೇ ಅವರನ್ನು ಕನ್ನಡದತ್ತ ಸೆಳೆಯಿತು. ಒಂದು ಪುಸ್ತಕದ ಓದು ಒಬ್ಬ ಲೇಖಕನನ್ನೇ ನಾಡಿಗೆ ಕೊಟ್ಟಿತು. ಬರೆಯಲು ಹೊರಟ ಮಕ್ಕಳಿಗೆ ನಾನು ಹೇಳುವುದಿಷ್ಟೆ: ಒಂದು ಪುಟ ಬರೆಯಬೇಕೆಂದಿದ್ದರೆ ನೂರು ಪುಟ ಓದಿರಿ.

ಎರಡನೆಯ ಮಾತು, ತಾವು ಬಲ್ಲದ್ದನ್ನು ಬರೆಯಬೇಕು, ತಮ್ಮ ನುಡಿಯಲ್ಲಿಯೇ ಬರೆಯಬೇಕು. ನನ್ನಲ್ಲಿಗೆ ಬರುವ ಹೊಸ ಬರಹಗಳಲ್ಲಿ ಬಹುಪಾಲು ‘ಮಾನವ ಜನ್ಮದ ಸಾರ್ಥಕತೆ’, ‘ಕಾಲದ ಮಹಿಮೆ’ ಮೊದಲಾದ ಶೀರ್ಷಿಕೆಗಳನ್ನು ಹೊತ್ತು ಬರುತ್ತವೆ. ಬರೆದವರು ಶೇಂಗಾ ಬೆಳೆಯುವ ರೈತರು, ರೊಟ್ಟಿ ಬಡಿದು ಮನೆ ನಡೆಸುವ ತಾಯಂದಿರು, ಶಾಲೆಯ ಗುರುಗಳು. ಆದರೆ ಆ ಹಾಳೆಗಳಲ್ಲಿ ಶೇಂಗಾ ಇಲ್ಲ, ರೊಟ್ಟಿ ಇಲ್ಲ, ಶಾಲೆಯೂ ಇಲ್ಲ. ನಾವು ಬದುಕಿದ್ದು ಬರೆಯಲು ಯೋಗ್ಯವಲ್ಲ ಎಂಬ ಕೀಳರಿಮೆಯೇ ಇದಕ್ಕೆ ಕಾರಣ. ನಮ್ಮ ಸೀಮೆ 1953ರವರೆಗೆ ಮದರಾಸು ಆಡಳಿತದಲ್ಲಿತ್ತು. ಕಚೇರಿಯ ನುಡಿ ಬೇರೆ, ನೆರೆಯ ತೆಲುಗಿನ ಪ್ರಭಾವ ಬೇರೆ, ಓದುವ ಪುಸ್ತಕದ ಕನ್ನಡ ಧಾರವಾಡದ್ದೋ ಮೈಸೂರಿನದೋ. ನಮ್ಮ ಬಾಯಿಯ ಮಾತು ಅಕ್ಷರಕ್ಕೆ ತಕ್ಕುದಲ್ಲವೆಂಬ ಭಾವನೆ ಹೀಗೆ ಬೇರೂರಿತು.

ಆ ಭಾವನೆಯನ್ನು ಕಿತ್ತೆಸೆದವರೂ ನಮ್ಮವರೇ ಆಗಿದ್ದಾರೆ. ಕೊಟ್ಟೂರಿನ ಕುಂ. ವೀರಭದ್ರಪ್ಪನವರು ಈ ಸೀಮೆಯ ಆಡುಮಾತನ್ನೇ ಕಥೆ ಕಾದಂಬರಿಗಳ ನುಡಿಯಾಗಿಸಿದರು. ಅವರ ‘ಅರಮನೆ’ ಕಾದಂಬರಿಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಅವರ ಎಲ್ಲ ವಿಚಾರಗಳನ್ನೂ ನಾವು ಒಪ್ಪಬೇಕೆಂದಿಲ್ಲ. ಆದರೆ ಕೂರಿಗೆ, ರೆಂಟೆ, ಹಗೇವು, ಗುಳೇ ಎಂಬ ನಮ್ಮ ಮಾತುಗಳು ದಿಲ್ಲಿಯವರೆಗೂ ಗೌರವ ಪಡೆಯಬಲ್ಲವು ಎಂಬುದನ್ನು ಆ ಪ್ರಶಸ್ತಿಯಿಂದ ನಾವು ಕಲಿಯಬೇಕು. ಹಗೇವಿನಲ್ಲಿ ಜೋಳ ತುಂಬುವ ಕ್ರಮವನ್ನು ಕಂಡವರು ಇಂದು ಹಿರಿಯರಲ್ಲಿ ಮಾತ್ರ ಉಳಿದಿದ್ದಾರೆ. ಅದನ್ನು ಕಂಡ ಅಜ್ಜನ ಮಾತನ್ನು ಮೊಮ್ಮಗಳು ಎರಡು ಪುಟ ಬರೆದಿಟ್ಟರೆ, ಅದು ‘ಕಾಲದ ಮಹಿಮೆ’ಯನ್ನು ಕುರಿತ ಇಪ್ಪತ್ತು ಪುಟಗಳಿಗಿಂತ ಮೇಲು.

ಮೂರನೆಯದು ಮಿತಿ. ಹಡಗಲಿ ತಾಲೂಕಿನ ಮೈಲಾರದಲ್ಲಿ ಭಾರತ ಹುಣ್ಣಿಮೆಯ ಜಾತ್ರೆಗೆ ಹೋದವರಿಗೆ ಕಾರಣಿಕದ ದೃಶ್ಯ ಪರಿಚಿತವೇ ಆಗಿದೆ. ಡೆಂಕನಮರಡಿಯಲ್ಲಿ ಲಕ್ಷಾಂತರ ಜನ ನೆರೆದಿರುತ್ತಾರೆ. ಗೊರವಯ್ಯನು ಬಿಲ್ಲನ್ನೇರಿ ‘ಸದ್ದಲೇ’ ಎಂದೊಡನೆ ಆ ಜನಸಾಗರ ಸ್ತಬ್ಧವಾಗುತ್ತದೆ. ಆತ ನುಡಿಯುವುದು ಒಂದೇ ವಾಕ್ಯ. ಆ ಒಂದು ವಾಕ್ಯದ ಅರ್ಥವನ್ನು ಮಳೆಗೆ, ಬೆಳೆಗೆ, ರಾಜಕಾರಣಕ್ಕೆ ಅನ್ವಯಿಸುತ್ತ ಜನ ವರ್ಷವಿಡೀ ಚರ್ಚಿಸುತ್ತಾರೆ. ಭವಿಷ್ಯವಾಣಿಯ ನಂಬಿಕೆ ಅವರವರಿಗೆ ಬಿಟ್ಟದ್ದು. ಆದರೆ ಕಡಿಮೆ ಮಾತಿಗೆ ಎಷ್ಟು ಬಲವಿದೆ ಎಂಬ ಪಾಠವನ್ನು ಬರೆಯುವವರು ಅಲ್ಲಿಂದ ಖಂಡಿತ ಕಲಿಯಬಹುದು. ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮ ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ. ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬರಬೇಕೆಂದು ಹಿಂದಕ್ಕೆ ಕಳುಹಿಸಿದಳು. ಬರೆದು ಮುಗಿಸಿದ ಮೇಲೆ ನಾವೂ ನಮ್ಮ ಹಾಳೆಯ ಮುಂದೆ ಲಕ್ಕಮ್ಮನಾಗಿ ನಿಲ್ಲಬೇಕು. ಈ ದಿನದ ದಾಸೋಹಕ್ಕೆ ಬೇಡವಾದ ಪದವನ್ನು ಹೊರಗೆ ಸುರಿಯಬೇಕು.

ನಾಲ್ಕನೆಯದು ಪ್ರಾಮಾಣಿಕತೆ. ಇಂದು ಬೆಳಗಾದರೆ ಫೋನಿಗೆ ಬಣ್ಣದ ಚಿತ್ರದೊಂದಿಗೆ ಒಂದೊಂದು ‘ವಚನ’ ಬರುತ್ತದೆ. ಕೆಳಗೆ ಬಸವಣ್ಣನವರ ಅಥವಾ ಅಕ್ಕಮಹಾದೇವಿಯವರ ಹೆಸರು ಇರುತ್ತದೆ. ಓದಿದೊಡನೆ ಇದು 12ನೆಯ ಶತಮಾನದ ನುಡಿಯಲ್ಲವೆಂದು ತಿಳಿಯುವಂಥವೂ ಅದರಲ್ಲಿ ಉಂಟು. ಕಳುಹಿಸಿದವರು ಕೆಡುಕಿನಿಂದ ಕಳುಹಿಸಿರುವುದಿಲ್ಲ, ಭಕ್ತಿಯಿಂದಲೇ ಕಳುಹಿಸಿರುತ್ತಾರೆ. ಆದರೆ ಶರಣರು ಪ್ರತಿಯೊಂದು ವಚನದ ಕೊನೆಗೆ ಅಂಕಿತವನ್ನಿಟ್ಟದ್ದು ಅಲಂಕಾರಕ್ಕಲ್ಲ. ಕೂಡಲಸಂಗಮದೇವ, ಚೆನ್ನಮಲ್ಲಿಕಾರ್ಜುನ, ಗುಹೇಶ್ವರ, ರಾಮನಾಥ, ಕಪಿಲಸಿದ್ಧಮಲ್ಲಿಕಾರ್ಜುನ ಎಂಬ ಒಂದೊಂದು ಅಂಕಿತವೂ ‘ಈ ಮಾತಿಗೆ ನನ್ನ ಇಷ್ಟದೈವವೇ ಸಾಕ್ಷಿ’ ಎಂಬ ಹೊಣೆಗಾರಿಕೆಯ ಮುದ್ರೆ. ಒಬ್ಬರ ಮುದ್ರೆಯನ್ನು ಇನ್ನೊಬ್ಬರ ಮಾತಿಗೆ ಒತ್ತುವುದು ಭಕ್ತಿಯಾಗಲಾರದು.

ಆ ವಚನಗಳು ನಮ್ಮ ಕೈಸೇರಲು ಪಟ್ಟ ಪಾಡನ್ನು ನೆನೆದರೆ ಈ ಎಚ್ಚರ ತಾನಾಗಿ ಬರುತ್ತದೆ. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆಮನೆ ತಿರುಗಿ ತಾಡವೋಲೆಗಳನ್ನು ಸಂಗ್ರಹಿಸಿ, ಪರಿಶೋಧಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಮುಂದೆ ಅನೇಕ ವಿದ್ವಾಂಸರ ಪರಿಶ್ರಮದಿಂದ 1993ರಲ್ಲಿ ಕರ್ನಾಟಕ ಸರ್ಕಾರದ ಮೂಲಕ ಸಮಗ್ರ ವಚನ ಸಂಪುಟಗಳು ಹದಿನೈದು ಭಾಗಗಳಲ್ಲಿ ಹೊರಬಂದವು. ವಚನವೊಂದನ್ನು ತಮ್ಮ ಬರಹದಲ್ಲಿ ಉಪಯೋಗಿಸುವ ಮುನ್ನ ಆ ಸಂಪುಟವನ್ನು ತೆರೆದು ನೋಡುವುದು ಹತ್ತು ನಿಮಿಷದ ಕೆಲಸ. ತಾಲೂಕು ಗ್ರಂಥಾಲಯದಲ್ಲಿ ಇಲ್ಲವಾದರೆ ಸಮೀಪದ ಮಠದಲ್ಲಿ ಅಥವಾ ಕಾಲೇಜಿನಲ್ಲಿ ವಿಚಾರಿಸಬಹುದು. ಹಾಗೆಯೇ ಬೇರೆಯವರ ಮಾತನ್ನು ಎತ್ತಿಕೊಂಡರೆ ಅವರ ಹೆಸರನ್ನು ಹೇಳಬೇಕು. ಹೆಸರು ತಿಳಿಯದಿದ್ದರೆ ಆ ಮಾತನ್ನು ಬಿಡಬೇಕು.

ಐದನೆಯ ಮಾತನ್ನು ಹೇಳುವಾಗ ಮನಸ್ಸಿಗೆ ನೋವಾಗುತ್ತದೆ. ನನಗೆ ಪರಿಚಿತನಾದ ಒಬ್ಬ ತರುಣ ತನ್ನ ಮನೆಯ ಪಾಲಿನ ಜಗಳವನ್ನು ಊರು ಹೆಸರು ಸಮೇತ ಬರೆದು ನಾಲ್ಕು ಜನರಿಗೆ ಹಂಚಿದನು. ಆತ ಬರೆದದ್ದರಲ್ಲಿ ಸುಳ್ಳಿರಲಿಲ್ಲ, ಭಾಷೆಯೂ ಚೆನ್ನಾಗಿತ್ತು. ನಾಲ್ಕು ಜನರಿಂದ ಅದು ನಾನೂರು ಜನರಿಗೆ ಹೋಯಿತು. ಆ ವೇಳೆಗೆ ಆತನ ತಂಗಿಗೆ ಸಂಬಂಧ ಕೂಡಿ ಬಂದಿತ್ತು. ಗಂಡಿನ ಕಡೆಯವರ ಕೈಗೂ ಆ ಬರಹ ಸಿಕ್ಕಿ, ‘ಇಷ್ಟು ಒಡಕಿರುವ ಮನೆಯ ಹೆಣ್ಣು ಬೇಡ’ ಎಂದು ಅವರು ಹಿಂದೆ ಸರಿದರು. ದೊಡ್ಡಪ್ಪನ ಮನೆ, ಚಿಕ್ಕಪ್ಪನ ಮನೆ ಪರಸ್ಪರ ಮಾತು ಬಿಟ್ಟವು. ಬರೆದವನು ತನಗೆ ಅನ್ಯಾಯವಾಗಿದೆ ಎಂದು ಬರೆದನು. ಅದರ ಬೆಲೆಯನ್ನು ತೆತ್ತವಳು ಏನೂ ಅರಿಯದ ತಂಗಿ.

ಹಾಗಾದರೆ ಮನೆಯ ನೋವನ್ನು ಬರೆಯಲೇಬಾರದೇ? ಬರೆಯಬಹುದು. ಬಚ್ಚಿಟ್ಟ ನೋವು ಮನುಷ್ಯನನ್ನು ಒಳಗೇ ತಿನ್ನುತ್ತದೆ. ಆದರೆ ಬರೆದದ್ದನ್ನೆಲ್ಲ ಹಂಚಲೇಬೇಕೆಂಬ ನಿಯಮವಿಲ್ಲ. ಕೋಪದಲ್ಲಿ ಬರೆದದ್ದನ್ನು ಒಂದು ಅಮಾವಾಸ್ಯೆಯಿಂದ ಮುಂದಿನ ಹುಣ್ಣಿಮೆಯವರೆಗಾದರೂ ಪೆಟ್ಟಿಗೆಯಲ್ಲಿಡಿ. ಆ ಬರಹದಲ್ಲಿ ಬರುವ ಪ್ರತಿಯೊಬ್ಬರೂ ಎದುರಿಗೆ ಕುಳಿತಿರುವಾಗ ಅದನ್ನು ಗಟ್ಟಿಯಾಗಿ ಓದಬಲ್ಲಿರಾ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಓದಬಲ್ಲೆನೆಂದು ಮನಸ್ಸು ಹೇಳಿದರೆ ಹೊರಗೆ ಕೊಡಿ. ಊರು, ಹೆಸರು, ಸಂಬಂಧ ಗುರುತಾಗದಂತೆ ಬರೆದರೂ ನೋವಿನ ಸತ್ಯ ಕುಂದುವುದಿಲ್ಲ. ವಿಶೇಷವಾಗಿ ಮಕ್ಕಳ ಕುರಿತು, ರೋಗಿಗಳ ಕುರಿತು, ಮದುವೆಯಾಗಬೇಕಾದ ಹೆಣ್ಣುಮಕ್ಕಳ ಕುರಿತು ಬರೆಯುವಾಗ ನೂರು ಸಲ ಯೋಚಿಸಬೇಕು. ಬಾಗಳಿಯ ಕಲ್ಲೇಶ್ವರ ದೇವಾಲಯದಲ್ಲಿ ಶಾಸನಗಳನ್ನು ನೋಡುವಾಗಲೆಲ್ಲ ನನಗೆ ಅನಿಸುವುದು, ಕಲ್ಲಿನಲ್ಲಿ ಕೊರೆಯುವವನು ಅಕ್ಷರವನ್ನು ಅಳಿಸಲಾರೆನೆಂದು ತಿಳಿದೇ ಉಳಿಯನ್ನು ಇಡುತ್ತಿದ್ದನು. ಇಂದು ಬೆರಳ ತುದಿಯಿಂದ ಬರೆದು ಕಳುಹಿಸಿದ್ದು ಸಹ ಅಳಿಸಿದೆನೆಂದರೂ ಮತ್ತೊಬ್ಬರಲ್ಲಿ ಉಳಿದಿರುತ್ತದೆ. ಆ ದೃಷ್ಟಿಯಿಂದ ಅದೂ ಶಾಸನವೇ.

ಆರನೆಯದು, ಇತರರ ಅಭಿಪ್ರಾಯವನ್ನು ಸ್ವೀಕರಿಸುವ ಹಾಗೂ ಕೊಡುವ ಕ್ರಮ. ನಮ್ಮ ಕೈಬರಹದ ಪತ್ರಿಕೆಯಲ್ಲಿ ಪ್ರತಿ ಲೇಖನದ ಕೊನೆಗೆ ಅರ್ಧ ಪುಟ ಖಾಲಿ ಬಿಡುತ್ತಿದ್ದೆವು. ಓದಿದವರು ತಮ್ಮ ಅಭಿಪ್ರಾಯವನ್ನು ಅಲ್ಲಿ ಬರೆಯಬಹುದಾಗಿತ್ತು. ಅದಕ್ಕೆ ಎರಡು ನಿಯಮಗಳಿದ್ದವು. ಹೆಸರು ಬರೆಯದ ಅಭಿಪ್ರಾಯವನ್ನು ಅಳಿಸಿಹಾಕಲಾಗುತ್ತಿತ್ತು. ದೋಷವನ್ನು ತೋರಿಸುವವರು ಮೊದಲು ಆ ಲೇಖನದಿಂದ ತಾವು ತಿಳಿದುಕೊಂಡ ಒಂದು ಸಂಗತಿಯನ್ನು ಬರೆಯಲೇಬೇಕಾಗಿತ್ತು. ಎರಡನೆಯ ನಿಯಮದಿಂದಾಗಿ, ಲೇಖನವನ್ನು ಪೂರ್ತಿ ಓದದೆ ಯಾರೂ ಟೀಕಿಸುವಂತಿರಲಿಲ್ಲ.

ಶರಣರ ಗೋಷ್ಠಿಯಲ್ಲಿಯೂ ಹೊಸಬರಿಗೆ ಹೂವಿನ ಹಾಸಿಗೆ ಇರಲಿಲ್ಲ. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲು ಸಂಕಲಿಸಿದ ‘ಶೂನ್ಯಸಂಪಾದನೆ’ಯಲ್ಲಿ ಅಕ್ಕಮಹಾದೇವಿಯವರು ಕಲ್ಯಾಣಕ್ಕೆ ಬಂದ ಪ್ರಸಂಗವನ್ನು ಓದಬೇಕು. ಅಲ್ಲಮಪ್ರಭುದೇವರು ಕೇಳುವ ಪ್ರಶ್ನೆಗಳು ಬಹಳ ಕಠಿಣವಾದವು. ಆದರೆ ಅವು ಆಕೆಯ ನಿಲುವನ್ನು ಪರೀಕ್ಷಿಸುವ ಪ್ರಶ್ನೆಗಳು, ಆಕೆಯನ್ನು ಹೊರಗೆ ದೂಡುವ ಪ್ರಶ್ನೆಗಳಲ್ಲ. ಆಕೆ ಅಳುಕದೆ ಉತ್ತರಿಸುತ್ತಾರೆ. ಪ್ರಶ್ನಿಸಿದ ಪ್ರಭುದೇವರೇ ಕೊನೆಗೆ ಆಕೆಯ ಹಿರಿಮೆಯನ್ನು ಒಪ್ಪುತ್ತಾರೆ. ಪರೀಕ್ಷೆಗೂ ಅವಹೇಳನಕ್ಕೂ ಇರುವ ಅಂತರ ಇದೇ. ಪರೀಕ್ಷಿಸುವವನು ಉತ್ತರಕ್ಕಾಗಿ ಕಾಯುತ್ತಾನೆ, ಅವಹೇಳನ ಮಾಡುವವನು ಕಾಯುವುದಿಲ್ಲ. ಹೊಸಬರು ಈ ಎರಡನ್ನೂ ಬೇರ್ಪಡಿಸಿ ನೋಡಲು ಕಲಿಯಬೇಕು. ಮೊದಲನೆಯದಕ್ಕೆ ವಿನಯದಿಂದ ಉತ್ತರಿಸಿ, ತಿದ್ದಿಕೊಳ್ಳುವುದಿದ್ದರೆ ತಿದ್ದಿಕೊಳ್ಳಿ. ಎರಡನೆಯದಕ್ಕೆ ಮೌನವೇ ಉತ್ತರ.

ಇಲ್ಲಿ ಹೊಸಬರಿಗಿಂತ ಹಳಬರಿಗೇ ಹೇಳಬೇಕಾದ ಮಾತೊಂದಿದೆ. ಕೂಡ್ಲಿಗಿ ತಾಲೂಕಿನ ಒಂದು ಹಳ್ಳಿಯ ಸೊಸೆಯೊಬ್ಬರು ತಮ್ಮ ಅತ್ತೆಯವರ ಬಾಯಿಂದ ಕೇಳಿದ ಗುಳೇ ಹೋದ ಕಥೆಯನ್ನು ಬರೆಯುತ್ತಿದ್ದರು. 1972ರ ಬರಗಾಲದಲ್ಲಿ ಮನೆಗೆ ಬೀಗ ಹಾಕಿ, ಎತ್ತುಗಳನ್ನು ಮಾರಿ, ಕೈಗೂಸಿನೊಂದಿಗೆ ಕೂಲಿ ಅರಸಿ ನಡೆದ ಕಥೆ ಅದು. ಏನನ್ನು ಕಟ್ಟಿಕೊಂಡು ಹೋದರು, ದಾರಿಯಲ್ಲಿ ಏನನ್ನು ಕುದಿಸಿ ಉಂಡರು, ಲಿಂಗಪೂಜೆಗೆ ನೀರನ್ನು ಎಲ್ಲಿಂದ ತಂದರು ಎಂಬುದೆಲ್ಲ ಅದರಲ್ಲಿತ್ತು. ಮೊದಲ ಭಾಗವನ್ನು ಒಂದು ಸಭೆಯಲ್ಲಿ ಅವರು ಓದಿದರು. ಓದಿದೊಡನೆ ಹಿರಿಯ ಲೇಖಕರೊಬ್ಬರು ಎದ್ದು, ‘ಅ’ಕಾರ ‘ಹ’ಕಾರಗಳ ವ್ಯತ್ಯಾಸ ತಿಳಿಯದವರು ಏಕೆ ಬರೆಯಬೇಕೆಂದರು. ಸಭೆ ನಕ್ಕಿತು. ಆ ತಾಯಿ ವಿನಯದಿಂದ ಕೈಮುಗಿದು ಕುಳಿತರು. ಎರಡನೆಯ ಭಾಗವನ್ನು ಅವರು ಬರೆಯಲಿಲ್ಲ. ನಾನು ಎರಡು ಸಲ ಅವರ ಮನೆಗೆ ಹೋಗಿ ಕೇಳಿಕೊಂಡೆನು. “ಬ್ಯಾಡ್ರಿ ಗುರುಗಳೆ, ನಮಗ್ಯಾಕ್ರಿ ಅದೆಲ್ಲ” ಎಂದರು. ಈಗ ಆ ಅತ್ತೆಯವರು ಲಿಂಗೈಕ್ಯರಾಗಿದ್ದಾರೆ. ಕಥೆಯ ಉಳಿದರ್ಧ ಅವರೊಂದಿಗೇ ಹೋಯಿತು. ಕಾಗುಣಿತವನ್ನು ಯಾರಾದರೂ ಒಂದು ಗಂಟೆಯಲ್ಲಿ ತಿದ್ದಬಹುದಾಗಿತ್ತು. ಆ ಕಥೆಯನ್ನು ಇನ್ನು ಯಾರೂ ಬರೆಯಲಾರರು.

ಆದ್ದರಿಂದ ಬಳಗದ ಹಿರಿಯರಲ್ಲಿ ನನ್ನ ಪ್ರಾರ್ಥನೆ: ಹೊಸಬರ ಮೊದಲ ಬರಹವನ್ನು ಮಗುವಿನ ಮೊದಲ ಹೆಜ್ಜೆಯಂತೆ ಕಾಣೋಣ. ಅಕ್ಷರ ದೋಷವನ್ನು ಏಕಾಂತದಲ್ಲಿ ತಿದ್ದೋಣ, ಗುಣವನ್ನು ಸಭೆಯಲ್ಲಿ ಹೇಳೋಣ. ಹೊಸಬರಲ್ಲಿಯೂ ಒಂದು ಪ್ರಾರ್ಥನೆ: ನಿಮ್ಮ ಬರಹವನ್ನು ಓದಲಿ ಎಂದು ಬಯಸುವಷ್ಟೇ ಶ್ರದ್ಧೆಯಿಂದ ಇತರರ ಬರಹವನ್ನು ಓದಿ. ಬರೀ ‘ಚೆನ್ನಾಗಿದೆ’ ಎನ್ನದೆ ಏನು ಚೆನ್ನಾಗಿದೆ ಎಂಬುದನ್ನು ಎರಡು ವಾಕ್ಯದಲ್ಲಿ ತಿಳಿಸಿ. ದಾಸೋಹದಲ್ಲಿ ಉಣ್ಣುವವನೇ ಮರುದಿನ ಬಡಿಸಲು ನಿಲ್ಲುತ್ತಾನೆ. ಬರೆಯುವ ಬಳಗದ ರೀತಿಯೂ ಅದೇ ಆಗಬೇಕು.

ಕೊನೆಯದಾಗಿ ಮೆಚ್ಚುಗೆಯ ಮಾತು. ಮೊದಲ ಬರಹಕ್ಕೆ ಹತ್ತು ಜನ ಶಹಬ್ಬಾಸ್ ಎಂದರೆ ಎರಡನೆಯದನ್ನು ಆ ಹತ್ತು ಜನರಿಗಾಗಿಯೇ ಬರೆಯುವ ಚಪಲ ಹುಟ್ಟುತ್ತದೆ. ಯಾರೂ ಏನೂ ಅನ್ನದಿದ್ದರೆ ಲೇಖನಿಯನ್ನೇ ಎಸೆಯುವ ಮನಸ್ಸಾಗುತ್ತದೆ. ಎರಡೂ ಒಳ್ಳೆಯದಲ್ಲ. ಬರಹವನ್ನು ಕಾಯಕವೆಂದು ಭಾವಿಸಿದರೆ ಈ ಎರಡರಿಂದಲೂ ಬಿಡುಗಡೆ ದೊರೆಯುತ್ತದೆ. ನೇಗಿಲು ಹಿಡಿದವನು ಹೊಲದ ಬದುವಿನ ಮೇಲೆ ಯಾರು ನಿಂತಿದ್ದಾರೆಂದು ನೋಡುತ್ತ ಉಳುವುದಿಲ್ಲ. ವಾರಕ್ಕೊಂದು ದಿನ, ಸೋಮವಾರವೇ ಆಗಲಿ, ಪೂಜೆ ಪ್ರಸಾದಗಳ ತರುವಾಯ ಒಂದು ಗಂಟೆಯನ್ನು ಬರಹಕ್ಕೆಂದು ಮೀಸಲಿಡಿ. ಒಂದೇ ಪುಟ ಬರೆದರೂ ಸಾಕು. ವರ್ಷದ ಕೊನೆಗೆ 52 ಪುಟಗಳಾಗುತ್ತವೆ. ಅದು ನಿಮ್ಮ ಮನೆತನಕ್ಕೆ ನೀವು ಬಿಟ್ಟು ಹೋಗುವ ಆಸ್ತಿ.

ಎಲ್ಲಿಂದ ತೊಡಗಬೇಕೆಂದು ತೋಚದವರು ಹೀಗೆ ಮಾಡಿ. ಹಗರಿಬೊಮ್ಮನಹಳ್ಳಿಯ ಸುತ್ತಣ ಮನೆಗಳಲ್ಲಿ ತುಂಗಭದ್ರಾ ಜಲಾಶಯದಲ್ಲಿ ಮುಳುಗಿದ ಊರುಗಳಿಂದ ಎದ್ದು ಬಂದ ಹಿರಿಯರಿದ್ದರೆ ಅವರನ್ನು ಕೇಳಿ, ಹಳೆಯ ಊರಿನ ಓಣಿಗಳ ಹೆಸರನ್ನು ಬರೆದುಕೊಳ್ಳಿ. ಹಡಗಲಿಯವರು ಮಲ್ಲಿಗೆಯ ಮೊಗ್ಗನ್ನು ಬಿಡಿಸುವ ಹೊತ್ತು, ಕಟ್ಟುವ ಕ್ರಮ, ಸಂತೆಯ ದರವನ್ನು ಬರೆಯಿರಿ. ಕೊಟ್ಟೂರಿನವರು ಗುರುಬಸವೇಶ್ವರರ ರಥೋತ್ಸವಕ್ಕೆ ನಿಮ್ಮ ಮನೆಗೆ ಬರುವ ಪಾದಯಾತ್ರಿಗಳ ಮಾತನ್ನು ಬರೆಯಿರಿ. ಹರಪನಹಳ್ಳಿ, ಕೂಡ್ಲಿಗಿಯವರು ನಿಮ್ಮ ಅಜ್ಜಿಯ ಬೀಸುವ ಕಲ್ಲಿನ ಪಕ್ಕದಲ್ಲಿ ಕುಳಿತು ಕೇಳಿದ್ದನ್ನು ಬರೆಯಿರಿ. ಬರೆದದ್ದನ್ನು ಮೊದಲು ಮನೆಯಲ್ಲಿಯೇ ಗಟ್ಟಿಯಾಗಿ ಓದಿರಿ. ಮನೆಯವರು ಕಿವಿಗೊಟ್ಟು ಕೇಳಿದರೆ ಧೈರ್ಯವಾಗಿ ಹೊರಗೆ ಕೊಡಿ. ಹೇಳುವ ಹಿರಿಯರು ಇನ್ನೂ ನಮ್ಮ ಪಡಸಾಲೆಯಲ್ಲಿ ಕುಳಿತಿದ್ದಾರೆ. ಅವರು ಏಳುವುದರೊಳಗೆ ನಾವು ಕುಳಿತು ಬರೆಯಬೇಕು.